ಯಜಮಾನರಿಗೂ ಒಂದು ಹುದ್ದೆ ಕೊಡಿ

ನಮ್ಮ ಪಂಚಾಯಿತಿ ಕಾಯಿದೆ ಬರೆದವರು ಗಂಡಂದಿರಿಗೆ ಘೋರ ಅನ್ಯಾಯ ಮಾಡಿದ್ದಾರೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಮೂರನೆಯ ಒಂದರಷ್ಟು ಸ್ಥಾನ ಮಹಿಳೆಯರಿಗೆ ಎಂದಿತೇ ಹೊರತು, ಗೆದ್ದ ಮಹಿಳೆಯ ಯಜಮಾನರು ಎಲ್ಲಿ ಕುಳಿತುಕೊಳ್ಳಬೇಕು ಎಂದು ಹೇಳಲೇ ಇಲ್ಲ. ಕರ್ನಾಟಕಕ್ಕೆ ಇನ್ನೂ ಅವಸರ. 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲೇ ಶೇ 25ರಷ್ಟು ಕೊಟ್ಟಿತ್ತು, 2010ರ ಹೊತ್ತಿಗೆ ಅರ್ಧಕ್ಕೆ ಏರಿಸಿತು. ಅಷ್ಟೊಂದು ಕುರ್ಚಿ ಹೆಂಗಸರಿಗೆ ಹೋದ ಮೇಲೆ ಗಂಡಸರು ಏನು ಮಾಡಬೇಕು? ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತರು.

ಆ ಪ್ಲಾಸ್ಟಿಕ್ ಕುರ್ಚಿಯಿಂದ ನಡೆಯುವ ಆಡಳಿತ ನೋಡುವಂಥದ್ದು. "ಮೇಡಂ, ಈ ಚರಂಡಿ ಕಾಮಗಾರಿಗೆ ಏನು ಹೇಳುತ್ತೀರಿ?" ಎಂದು ಅಧಿಕಾರಿ ಕೇಳುತ್ತಾರೆ. ಪ್ರಶ್ನೆ ಮೇಡಂಗೆ, ದೃಷ್ಟಿ ಯಜಮಾನರ ಕಡೆಗೆ. ಉತ್ತರವೂ ಅಲ್ಲಿಂದಲೇ ಬರುತ್ತದೆ, ನಡಾವಳಿಯಲ್ಲಿ ಮಾತ್ರ "ಅಧ್ಯಕ್ಷರು ಸಭೆಗೆ ತಿಳಿಸಿದರು" ಎಂದು ದಾಖಲಾಗುತ್ತದೆ. ತಾಲ್ಲೂಕು ಕಚೇರಿಯಿಂದ ಅಧ್ಯಕ್ಷರ ಮೊಬೈಲ್‌ಗೆ ಕರೆ ಮಾಡಿದರೆ "ಹೇಳಿ ಸಾರ್, ಅಧ್ಯಕ್ಷರೇ ಮಾತನಾಡುತ್ತಿರುವುದು" ಎಂದು ದಪ್ಪ ಮೀಸೆಯ ದನಿಯೊಂದು ಗುಡುಗುತ್ತದೆ. ಆ ಕಡೆಯವರು ಬೆಚ್ಚಿ ಬೀಳುವುದಿಲ್ಲ. ಅಕಸ್ಮಾತ್ ಹೆಣ್ಣುದನಿ ಕೇಳಿದರೆ ಮಾತ್ರ ತಬ್ಬಿಬ್ಬಾಗಿ, "ಯಜಮಾನರು ಇಲ್ಲವೇನಮ್ಮಾ?" ಎನ್ನುತ್ತಾರೆ.

ಹೆಂಗಸರಿಗೆ ಮಾತು ಬರುವುದಿಲ್ಲ, ಅದಕ್ಕೇ ಹೀಗೆ ಎಂಬುದು ಊರಿನ ಸಮಜಾಯಿಷಿ. ಇದೇ ಅಧ್ಯಕ್ಷೆ ಬೆಳಿಗ್ಗೆ ಹಾಲಿನ ಡೇರಿಯಲ್ಲಿ ಫ್ಯಾಟ್ ಕಡಿಮೆ ಬರೆದರೆಂದು ಕಾರ್ಯದರ್ಶಿಯ ಬೆವರಿಳಿಸಿ ಬಂದಿರುತ್ತಾರೆ. ಸ್ತ್ರೀಶಕ್ತಿ ಸಂಘದ ಸಾಲದ ಬಡ್ಡಿಯನ್ನು ಪೈಸೆ ತಪ್ಪದೆ ಬಾಯಿಲೆಕ್ಕದಲ್ಲಿ ಹೇಳುತ್ತಾರೆ. ಪಂಚಾಯಿತಿ ಹೊಸ್ತಿಲು ದಾಟಿದೊಡನೆ ಅವರ ನಾಲಗೆಗೆ ಏನಾಗುತ್ತದೆ ಎಂಬುದು ವೈದ್ಯಲೋಕಕ್ಕೇ ಬಗೆಹರಿಯದ ಒಗಟು. ಒಗಟೇನೂ ಅಲ್ಲ ಅನ್ನಿ. ಗಂಡಸು ಮೇಜು ಕುಟ್ಟಿದರೆ ಖಡಕ್ ಅಧ್ಯಕ್ಷ. ಹೆಂಗಸು ಬಿಲ್ ಓದಿ ಪ್ರಶ್ನೆ ಕೇಳಿದರೆ ಬಾಯಿ ಜೋರು. ಸುಮ್ಮನಿದ್ದರೆ "ಪಾಪ, ಆಯಮ್ಮನಿಗೆ ಏನೂ ತಿಳಿಯದು." ಜೋರಿಗೂ ಪಾಪಕ್ಕೂ ನಡುವೆ ಎಷ್ಟು ದನಿಯಲ್ಲಿ ಮಾತನಾಡಬೇಕು ಎಂಬುದನ್ನು ಯಾವ ತರಬೇತಿಯೂ ಹೇಳಿಕೊಟ್ಟಿಲ್ಲ. ಇಷ್ಟರ ನಡುವೆಯೂ ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿ ಹೊರಗಿಡಿಸಿ ಸಭೆ ನಡೆಸುವ ಅಧ್ಯಕ್ಷೆಯರಿದ್ದಾರೆ. ಅವರಿಗೆ ಊರು ಇಟ್ಟಿರುವ ಹೆಸರುಗಳನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ.

ಇದು ನಮ್ಮ ರಾಜ್ಯದ ಸೊತ್ತೂ ಅಲ್ಲ. ಉತ್ತರದಲ್ಲಿ 'ಸರಪಂಚ್ ಪತಿ', 'ಪ್ರಧಾನ್ ಪತಿ' ಎಂಬ ಬಿರುದುಗಳು ಎಂದೋ ಚಲಾವಣೆಗೆ ಬಂದಿವೆ. ಈ ಪದ್ಧತಿ ನಿಲ್ಲಬೇಕೆಂದು 2015ರಲ್ಲಿ ಪ್ರಧಾನಿಯೇ ಹೇಳಿದರು. 2023ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಅರ್ಜಿ ಹೋದಾಗ ಅದು ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಕಡೆಗೆ ಕೈ ತೋರಿಸಿತು. ಸಚಿವಾಲಯ ಸಮಿತಿ ಮಾಡಿತು. ಸಮಿತಿ ಕಠಿಣ ದಂಡನೆಗೆ ಶಿಫಾರಸು ಮಾಡಿತು. ಈ ನಡುವೆ 2025ರ ಮಾರ್ಚ್‌ನಲ್ಲಿ ಛತ್ತೀಸಗಡದ ಪರಸ್ವಾರಾ ಎಂಬ ಊರಿನಲ್ಲಿ ಗೆದ್ದ ಆರು ಮಹಿಳೆಯರ ಬದಲು ಅವರ ಗಂಡಂದಿರೇ ನಿಂತು ಪ್ರಮಾಣ ವಚನ ಸ್ವೀಕರಿಸಿಬಿಟ್ಟರು. ಪಂಚಾಯಿತಿ ಕಾರ್ಯದರ್ಶಿ ಅಮಾನತಾದ. ನನಗಂತೂ ಆ ಆರು ಜನರ ಮೇಲೆ ಗೌರವ ಮೂಡಿತು. ಉಳಿದ ಕಡೆ ಐದು ವರ್ಷ ಮರೆಯಲ್ಲಿ ನಡೆಯುವುದನ್ನು ಅವರು ಮೊದಲ ದಿನವೇ ಬಹಿರಂಗವಾಗಿ ಮಾಡಿದ್ದರು.

ಆದ್ದರಿಂದ ಸರ್ಕಾರಕ್ಕೆ ನನ್ನ ಬಿನ್ನಹ: 'ಅಧ್ಯಕ್ಷಪತಿ' ಹುದ್ದೆಯನ್ನು ಕಾಯಿದೆಯಲ್ಲೇ ಸೇರಿಸಿಬಿಡಿ. ಮದುವೆಯಾಗದ ಅಧ್ಯಕ್ಷೆಗೆ ತಂದೆ ಅಥವಾ ಅಣ್ಣ, ಗಂಡ ತೀರಿಕೊಂಡಿದ್ದರೆ ಮೈದುನ, ಅವನೂ ಇಲ್ಲವಾದರೆ ಮೀಸೆ ಚಿಗುರಿದ ಮಗ ಎಂದು ನಿಯಮ ಮಾಡಿ. ಗೌರವಧನ, ಭತ್ಯೆ, ಸ್ವಾಗತ ಫ್ಲೆಕ್ಸ್‌ನಲ್ಲಿ ಹೆಂಡತಿಯದಕ್ಕಿಂತ ದೊಡ್ಡ ಭಾವಚಿತ್ರ, ಎಲ್ಲವನ್ನೂ ಕೊಡಿ. ಬದಲಿಗೆ ಒಂದೇ ಒಂದು ಷರತ್ತು. ಬಿಲ್ಲುಗಳಿಗೆ ಯಜಮಾನರೇ ಸಹಿ ಹಾಕಬೇಕು, ಹಣ ದುರುಪಯೋಗದ ನೋಟಿಸ್ ಅವರ ಹೆಸರಿಗೇ ಬರಬೇಕು.

ಅರ್ಜಿ ಹಾಕುವವರು ಒಬ್ಬರೂ ಸಿಗುವುದಿಲ್ಲ ಎಂಬುದು ನನ್ನ ಗುಮಾನಿ. ಏಕೆಂದರೆ ತನಿಖೆಯವರು ಬಾಗಿಲು ತಟ್ಟಿದ ದಿನ ಯಜಮಾನರಿಗೆ ಮಹಿಳಾ ಸಬಲೀಕರಣದಲ್ಲಿ ದಿಢೀರನೆ ಅಪಾರ ನಂಬಿಕೆ ಹುಟ್ಟುತ್ತದೆ: "ಸ್ವಾಮಿ, ಸಹಿ ಅವಳದು, ಅಧಿಕಾರ ಅವಳದು. ಪಂಚಾಯಿತಿ ವಿಚಾರದಲ್ಲಿ ನಾನು ಎಂದೂ ತಲೆ ಹಾಕಿದವನಲ್ಲ. ಏನಿದ್ದರೂ ಅವಳನ್ನೇ ಕೇಳಿ."