ಕಲಬುರಗಿ ಬಿಸಿಲಿಗೆ ಹಸ್ಕಿ ಯಾಕೆ ಬೇಕು?

ಬಹಳ ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಇವತ್ತು ನಮ್ಮ ಓಣಿಯಲ್ಲಿ ಒಂದು ನಾಯಿಯ ಬರ್ತ್‌ಡೇ ಇತ್ತು. ಹೊತ್ತು ಹನ್ನೊಂದೂವರೆ. ಬಂದವರಿಗೆ ಶಾಮಿಯಾನದ ನೆರಳು, ಕುರ್ಚಿ, ತಂಪು ಶರಬತ್ತು. ಫೋಟೋಕ್ಕೆ ಬೆಳಕು ಬೇಕು ಅಂತ ಬಲೂನಿನ ಕಮಾನು ಮಾತ್ರ ಬಿಸಿಲಲ್ಲಿ. ನಾಯಿಯನ್ನು ಅದರ ಕೆಳಗೆ ನಿಲ್ಲಿಸಿದ್ದರು. ಸೈಬೀರಿಯನ್ ಹಸ್ಕಿ. ಮೈಮೇಲೆ ಜರಿ ಕೋಟು, ತಲೆಗೆ ಚೂಪು ಟೋಪಿ. ಟೋಪಿಯ ಇಲಾಸ್ಟಿಕ್ ಗದ್ದದ ಕೆಳಗೆ ಬಿಗಿದಿದ್ದರಿಂದ ಅದಕ್ಕೆ ಬಾಯಿ ಪೂರ್ತಿ ತೆರೆಯಲೂ ಆಗುತ್ತಿರಲಿಲ್ಲ. ನಾಲಿಗೆ ಒಂದು ಪಕ್ಕಕ್ಕೆ ಜೋತುಬಿದ್ದಿತ್ತು. ಅಂಗಳಕ್ಕೆ ಹಾಕಿದ ಶಹಾಬಾದ್ ಫರಸಿ ಕಾದ ಹಂಚಿನ ಹಾಗೆ ಸುಡುತ್ತಿತ್ತು. ಪಾಪದ್ದು, ಒಂದು ಮುಂಗಾಲು ಎತ್ತುತ್ತದೆ, ಅದನ್ನು ಇಟ್ಟು ಇನ್ನೊಂದು ಎತ್ತುತ್ತದೆ. ಜನ ಅದನ್ನು ನೋಡಿ "ಡ್ಯಾನ್ಸ್ ಮಾಡ್ತಾ ಇದೆ" ಅಂತ ವಿಡಿಯೋ ಮಾಡುತ್ತಿದ್ದರು.

"ತಮ್ಮಾ, ಮೊದಲು ಅದಕ್ಕ ನೀರು ಕುಡಸಪ್ಪಾ" ಅಂತ ಆ ಮನೆಯವನಿಗೆ ಅಂದೆ. "ಇರ್ರಿ ವೈನಿ, ಇನ್ನೆರಡು ಫೋಟೋ ಅದಾವ, ಆಮ್ಯಾಲ ಕುಡಸ್ತೀನಿ" ಅಂದ. ನಾನೇ ಹೋಗಿ ಟೋಪಿ ಕಿತ್ತು, ನಲ್ಲಿ ಹತ್ತಿರ ಎಳೆದುಕೊಂಡು ಹೋದೆ. ನೀರು ಕುಡಿದು ಅಲ್ಲೇ ಮೋರಿ ಪಕ್ಕದ ಕೆಸರಲ್ಲಿ ಹೊಟ್ಟೆ ಊರಿ ಮಲಗಿಬಿಟ್ಟಿತು. ಜರಿ ಕೋಟು ಹಾಳಾಯಿತು ಅಂತ ಮನೆಯವರ ಮುಖ ಸಣ್ಣದಾಯಿತು. ಆಗಲಿ.

ನನ್ನನ್ನು ಬಲ್ಲವರಿಗೆ ಗೊತ್ತು, ನಾಯಿ ಕಂಡರೆ ನಾನು ಮೂಗು ಮುರಿಯುವವಳಲ್ಲ. ಆಳಂದ ಕಡೆಯ ನಮ್ಮ ಹೊಲದ ಮನೆಯಲ್ಲಿ ರೊಟ್ಟಿ ಬಡಿದರೆ ನಾಯಿಗೂ ಸೇರಿಸಿಯೇ ಬಡಿಯುವುದು. ಕಾಳ್ಯಾ ಸತ್ತಾಗ ನಾನು ಹೇಗೆ ಅತ್ತಿದ್ದೆ ಅಂತ ನೋಡಿದವರು ಈ ಫ್ರೆಂಡ್ ಲಿಸ್ಟಿನಲ್ಲೇ ಇದ್ದಾರೆ. ನಾಯಿ ಮೇಲೆ ಪ್ರೀತಿ ಇರುವುದಕ್ಕೇ ಇಷ್ಟು ಹೊಟ್ಟೆ ಉರಿಯುತ್ತಿದೆ.

ಹಸ್ಕಿ ಸೈಬೀರಿಯಾದ ಚುಕ್ಚಿ ಜನ ಹಿಮದ ಮೇಲೆ ಬಂಡಿ ಎಳೆಯಲು ಸಾಕಿದ ನಾಯಿ. 1925ರಲ್ಲಿ ಅಲಾಸ್ಕಾದ ನೋಮ್ ಊರಿಗೆ ಗಂಟಲಮಾರಿ ಔಷಧ ಮುಟ್ಟಿಸಿದ್ದು ಇಂಥ ಬಂಡಿ ನಾಯಿಗಳೇ. ಮೈಮೇಲೆ ಎರಡು ಪದರ ಕೂದಲು, ಮೈನಸ್ 40 ಡಿಗ್ರಿ ಚಳಿಯನ್ನೂ ತಡೆಯುತ್ತದೆ. ನಮ್ಮಲ್ಲಿ ಮೇ ತಿಂಗಳಲ್ಲಿ ಎಷ್ಟಿರುತ್ತದೆ? 42, 43. ಈ ಬಿಸಿಲಿಗೆ ಹೆದರಿಯೇ ಅಲ್ವಾ ಬೇಸಿಗೆಯಲ್ಲಿ ನಮ್ಮ ಭಾಗದ ಸರ್ಕಾರಿ ಆಫೀಸುಗಳನ್ನು ಬೆಳಗ್ಗೆ 8ಕ್ಕೆ ತೆಗೆದು ಮಧ್ಯಾಹ್ನ 1.30ಕ್ಕೆ ಮುಚ್ಚುವುದು? ನಮಗೆ ಮೈಯೆಲ್ಲ ಬೆವರುತ್ತದೆ. ನಾಯಿ ಬೆವರುವುದು ಅಂಗಾಲಲ್ಲಿ ಮಾತ್ರ. ಉಳಿದ ಕಾವೆಲ್ಲ ತೇಕಿ ತೇಕಿ ಬಾಯಿಂದಲೇ ಹೋಗಬೇಕು. ಆ ಬಾಯಿಗೇ ಟೋಪಿಯ ದಾರ ಬಿಗಿದರೆ? ನಾಯಿಯ ಮೈಕಾವು ಸಾಮಾನ್ಯವಾಗಿ 38ರಿಂದ 39 ಡಿಗ್ರಿ. ಅದು 41 ದಾಟಿತು ಅಂದರೆ ಜೀವಕ್ಕೇ ಅಪಾಯ.

ಇದನ್ನು ಮಾರುವವನು ಹೇಳಬೇಕಲ್ಲ? ಹೇಳುವುದಿಲ್ಲ. ಹೋದ ತಿಂಗಳು ಉಣ್ಣಿ ಔಷಧ ಕೇಳಲು ನಾಯಿ ಮರಿ, ನಾಯಿ ಸಾಮಾನು ಮಾರುವ ಊರಿನ ಒಂದು ಅಂಗಡಿಗೆ ಹೋಗಿದ್ದೆ. ಸೆಂಟು, ಬೂಟು, ಗಾಗಲ್ಸು, ಬರ್ತ್‌ಡೇ ಸೆಟ್ಟು, ಬಿಸ್ಕತ್ತು, ಎಲ್ಲ ಸಾಲಾಗಿ ಇತ್ತು. ಉಣ್ಣಿ ಔಷಧ ಇರಲಿಲ್ಲ. ಮೂಲೆಯ ಪಂಜರದಲ್ಲಿ ಮರಿಗಳು ಒಂದರ ಮೇಲೆ ಒಂದು ಬಿದ್ದು ಮಲಗಿದ್ದವು, ಇನ್ನೂ ಕಾಲು ಗಟ್ಟಿಯಾಗದ ಮರಿಗಳು. ಎಂಟು ವಾರ ತುಂಬದ ಮರಿ ಮಾರಬಾರದು, ಮರಿ ಮಾಡಿಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು ಅಂತ ಕೇಂದ್ರ ಸರ್ಕಾರ 2017ರಲ್ಲೇ ನಿಯಮ ತಂದಿದೆ. "ಇವಕ್ಕ ಎಷ್ಟು ವಾರ್ರಿ?" ಅಂತ ಕೇಳಿದೆ. ಉತ್ತರ ಬರಲಿಲ್ಲ. ಸೆಂಟಿನ ಬಾಟಲಿ ಮುಂದಿಟ್ಟ. ನಾಯಿ ಜಗತ್ತನ್ನು ತಿಳಿಯುವುದೇ ಮೂಗಿನಿಂದ. ಅದರ ಮೈಗೇ ಸೆಂಟು ಹೊಡೆದರೆ ಅದಕ್ಕೆ ಎಂಥ ಹಿಂಸೆ ಆಗಬಹುದು!

"ಅವರ ದುಡ್ಡು, ಅವರ ನಾಯಿ, ಎಸಿ ಹಾಕಿ ಸಾಕ್ತಾರೆ, ನಿನಗೇನು ತ್ರಾಸು?" ಅಂತ ಸಂಜೆ ಗೆಳತಿ ಕೇಳಿದಳು. ಎಸಿ ಬೆಡ್‌ರೂಮಿನಲ್ಲಿ ಇರುತ್ತದೆ, ನಾಯಿ ಪೋರ್ಚಿನಲ್ಲಿ ಇರುತ್ತದೆ. ಮಧ್ಯಾಹ್ನ ಕರೆಂಟು ಹೋದರೆ ಎಸಿ ಎಲ್ಲಿಂದ ಬಂತು? ಮೈಲಿಗಟ್ಟಲೆ ಓಡಲು ಹುಟ್ಟಿದ ಪ್ರಾಣಿಯನ್ನು ದಿನವಿಡೀ ಒಂದು ಕೋಣೆಯಲ್ಲಿ ಕೂಡಿಹಾಕುವುದನ್ನು ಸಾಕುವುದು ಅನ್ನಬೇಕಾ? ದುಡ್ಡು ಅವರದೇ ಇರಬಹುದು. ತೇಕುತ್ತಿರುವ ಜೀವ ನಾಯಿಯದು.

ಹಿಂದೆ ಪಗ್ ವಿಷಯದಲ್ಲೂ ಹೀಗೇ ಆಯಿತು. 2003ರ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಓಡುವ ಪಗ್ ನೋಡಿ ಊರೂರಿಗೆ ಅದೇ ಬೇಕಾಯಿತು. ಚಪ್ಪಟೆ ಮೂಗು, ಉಸಿರಿನ ದಾರಿಯೇ ಸಣ್ಣದು, ನಾಲ್ಕು ಹೆಜ್ಜೆ ನಡೆದರೆ ಗೊರಗೊರ ಅನ್ನುತ್ತದೆ. ಅದನ್ನೇ ಮುದ್ದು ಅಂದರು. ಈಗ ನೀಲಿ ಕಣ್ಣಿನ ರೀಲ್ಸ್ ನೋಡಿ ಹಸ್ಕಿ.

ನಾಯಿಯೇ ಬೇಕು ಅಂದರೆ ಬೀದರಿನ ಪಶು ವಿಶ್ವವಿದ್ಯಾಲಯದವರು ಮುಧೋಳ ಹತ್ತಿರ ತಿಮ್ಮಾಪುರದಲ್ಲಿ ನಾಯಿ ಸಂಶೋಧನಾ ಕೇಂದ್ರ ನಡೆಸುತ್ತಾರೆ. ಮುಧೋಳ ನಾಯಿ ನಮ್ಮ ಹವೆಯಲ್ಲೇ ಬೆಳೆದ ತಳಿ. 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಅದಕ್ಕೂ ಓಡಲು ಜಾಗ ಬೇಕು, ಸುಮ್ನೆ ಗೇಟಿಗೆ ಕಟ್ಟಿಹಾಕಲು ತರಬೇಡಿ. ಇಲ್ಲದಿದ್ದರೆ ಓಣಿಯಲ್ಲೇ ಎಷ್ಟು ಮರಿಗಳಿಲ್ಲ? ಒಂದನ್ನು ಒಳಗೆ ಕರೆದುಕೊಳ್ಳಿ.

ಇನ್ನೊಂದು ಮಾತು. ಇವತ್ತು ಹೊರಡುವಾಗ ಆ ಮನೆಯವರನ್ನು ಕೇಳಿದೆ, ರೇಬಿಸ್ ಇಂಜೆಕ್ಷನ್ ಆಗಿದೆಯಾ ಅಂತ. ಗಂಡ ಹೆಂಡತಿಯ ಮುಖ ನೋಡಿದ, ಹೆಂಡತಿ ಗಂಡನ ಮುಖ ನೋಡಿದಳು. ಕೇಕಿನ ಆರ್ಡರ್ ವಾರದ ಮೊದಲೇ ಕೊಟ್ಟಿದ್ದರಂತೆ. ಮೂರು ತಿಂಗಳು ತುಂಬಿದ ಮೇಲೆ ಆ ಇಂಜೆಕ್ಷನ್ ಹಾಕಿಸಲೇಬೇಕು, ಆಮೇಲೆ ಡಾಕ್ಟರ್ ಹೇಳಿದ ಹಾಗೆ ವರ್ಷ ವರ್ಷ ತಪ್ಪಿಸಬಾರದು. ಮನೆ ತುಂಬ ಚಿಕ್ಕ ಮಕ್ಕಳಿದ್ದಾರೆ, ನಾಯಿ ಅವರ ಮುಖ ನೆಕ್ಕುತ್ತದೆ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಉಳಿಯುವುದಿಲ್ಲ ಅಂತ ಇನ್ನೂ ಎಷ್ಟು ಸಲ ಹೇಳಬೇಕು?

ಈಗಾಗಲೇ ಹಸ್ಕಿ ತಂದವರು ದಯವಿಟ್ಟು ಅದನ್ನು ಬೀದಿಗೆ ಬಿಡಬೇಡಿ. ಸೂರ್ಯ ಹುಟ್ಟುವ ಮೊದಲು ತಿರುಗಾಡಿಸಿ. ಹಗಲು ಕೂಲರ್ ಮುಂದೆ ಮಲಗಿಸಿ, ನೀರು ಮುಂದೆಯೇ ಇರಲಿ. ಸೆಕೆ ಅಂತ ಕೂದಲು ಬೋಳಿಸಬೇಡಿ, ಅದು ಚರ್ಮವನ್ನು ಬಿಸಿಲಿನಿಂದ ಕಾಯುತ್ತದೆ. ಬಾಚಿ ಉದುರು ಕೂದಲು ತೆಗೆದರೆ ಸಾಕು. ನಾಳೆ ಬೆಳಗ್ಗೆ ನಾನು ಆ ಮನೆಗೆ ಹೋಗಿ ನಾಯಿಯನ್ನು ದನದ ದವಾಖಾನೆಗೆ ಕರೆದೊಯ್ಯುತ್ತಿದ್ದೇನೆ. ನಿಮ್ಮ ಮನೆಯ ನಾಯಿಗೂ ಇಂಜೆಕ್ಷನ್ ಬಾಕಿ ಇದ್ದರೆ ಬೇಗ ಬನ್ನಿ, ಬಿಸಿಲು ಏರುವ ಮೊದಲು ಮುಗಿಸಿ ಬರೋಣ.