ಕರ್ಪೂರ ಮೂಸಿದರೆ ಆಮ್ಲಜನಕ ಏರುವುದಿಲ್ಲ

‘ಮಧುಚಂದ್ರಕ್ಕೆ ಲಡಾಖಿನ ಹಿಮದ ಹಳ್ಳಿಗೆ ಹೊರಟವರು ಕರ್ಪೂರ ಒಯ್ಯಿರಿ, ಮೂಸಿದರೆ ಆಮ್ಲಜನಕ ಏರುತ್ತದೆ’ ಎಂಬ ಸಂದೇಶ ನಮ್ಮ ಕಲಬುರಗಿಯ ಮನೆಯ ವಾಟ್ಸ್‌ಆ್ಯಪ್ ಗುಂಪಿಗೂ ಬಂತು. ತಂಗಿಯ ಚೀಲದಲ್ಲಿ, ಉಣ್ಣೆಯ ಕಾಲುಚೀಲದೊಳಗೆ, ಕರ್ಪೂರದ ಪುಟ್ಟ ಗಂಟು ಸಿಕ್ಕಿತು. ಅವಳ ಅತ್ತೆ ಕಟ್ಟಿಕೊಟ್ಟಿದ್ದು.

ಅವರ ಕಾಳಜಿ ನಿಜ, ಸಂದೇಶ ಸುಳ್ಳು. ಕರ್ಪೂರದಿಂದ ಮೂಗಿಗೆ ತಂಪೆನಿಸಿ ಉಸಿರು ಸಲೀಸಾದಂತೆ ತೋರುತ್ತದೆ, ಅಷ್ಟೇ. ಗಾಳಿಯಲ್ಲಿ ಆಮ್ಲಜನಕದ ಪಾಲು ಕಲಬುರಗಿಯಲ್ಲೂ ಲಡಾಖಿನ ಲೇಹ್‌ನಲ್ಲೂ ಸುಮಾರು ಶೇ 21. ಆದರೆ ಲೇಹ್ ಇರುವ 3,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡವೇ ಸಮುದ್ರಮಟ್ಟದ ಮೂರನೇ ಎರಡರಷ್ಟಕ್ಕೆ ಇಳಿದಿರುತ್ತದೆ; ಹಾಗಾಗಿ ಪ್ರತಿ ಉಸಿರಿನಲ್ಲಿ ಸಿಗುವ ಆಮ್ಲಜನಕವೂ ಕಡಿಮೆ.

ವಿಮಾನದಿಂದ ಇಳಿದ ಮೇಲೆ ಎರಡು ದಿನ ವಿಶ್ರಾಂತಿ ಬೇಕೇ ಬೇಕು. ತಲೆನೋವು, ವಾಂತಿ ಹೆಚ್ಚಿದರೆ ತಡಮಾಡದೆ ಕೆಳಗಿನ ಊರಿಗೆ ಇಳಿಯಿರಿ. ಕರ್ಪೂರ ನುಂಗಿದರೆ ವಿಷ. ತಂಗಿಯ ಗಂಟು ಈಗ ದೇವರ ಮನೆಯಲ್ಲಿದೆ.