ಐಸ್ ಸಾಗಿಸಿದ ಗಾಡಿ

ನಮ್ಮ ಮಲೆನಾಡಿನ ಸಾಗರದ ಸೀಮೆಯಲ್ಲಿ ಪಿಕಪ್ ಎಂದರೆ ಬೊಲೆರೊ ಪಿಕಪ್ ಎಂದೇ ಅರ್ಥ. 2005ರಲ್ಲಿ ಬಂದ ಟಾಟಾ ಏಸ್ ಕೂಡ ಅದೇ ಕೆಲಸವನ್ನು ಮಾಡುತ್ತದೆಯಾದರೂ ಅದನ್ನು ಯಾರೂ ಪಿಕಪ್ ಎಂದು ಕರೆಯುವುದಿಲ್ಲ. ಅದು ಏಸ್, ಇಲ್ಲವೆ ಪೇಟೆಯವರ ಬಾಯಲ್ಲಿ ಛೋಟಾ ಹಾಥಿ. ಪಿಕಪ್ ಒಂದು ಬೇಕೆಂಬ ಯೋಚನೆ ನನಗೆ ಬಂದದ್ದು ಶೋಕಿಯಿಂದಲ್ಲ, ಅಡಿಕೆಯ ಗೊನೆ ಇಳಿಸುವ ಕೊನೆಕೊಯ್ಲಿನ ಕಾಲದ ಸಂಕಟದಿಂದ. ಕೊನೆಗೌಡ ಮರ ಹತ್ತಿ ಕೊನೆ ಇಳಿಸಿದ ಮೇಲೆ ಹಸಿ ಅಡಿಕೆ ಯಾರಿಗಾಗಿಯೂ ಕಾಯುವುದಿಲ್ಲ. ಅಂದೋ ಮರುದಿನವೋ ಸುಲಿಯುವ ಯಂತ್ರದ ಬಾಯಿಗೆ ಬಿದ್ದು, ಚೊಗರಿನ, ಅಂದರೆ ಅಡಿಕೆ ಬೇಯಿಸಿದ ಕೆಂಪು ನೀರಿನ, ಹಂಡೆಯಲ್ಲಿ ಬೆಂದು, ಅಂಗಳಕ್ಕೆ ಬಂದರೆ ಅದು ಕೆಂಪಡಿಕೆ. ರಾಶಿಯಲ್ಲೇ ಬಿಸಿಯೇರಿ ಕೂತರೆ ಬೆಲೆ ಕೇಳಲು ನಾಚಿಕೆಯಾಗುವ ಸರಕು. ಊರಿನವರೆಲ್ಲರ ತೋಟವೂ ಒಂದೇ ವಾರದಲ್ಲಿ ಕೊಯ್ಲಿಗೆ ಬರುವುದರಿಂದ ಎಲ್ಲರಿಗೂ ಒಂದೇ ದಿನ ಬಾಡಿಗೆ ಗಾಡಿ ಬೇಕಾಗುತ್ತದೆ. ಬೆಳಿಗ್ಗೆ ಎಂಟಕ್ಕೆ ‘ಹೊರಟೇಬಿಟ್ಟೆ ಭಟ್ರೇ’ ಎಂದ ಚಾಲಕನು ದೀಪ ಹಚ್ಚುವ ಹೊತ್ತಿಗೆ ಬಂದ ಒಂದು ಸಂಜೆ, ನಮ್ಮದೇ ಗಾಡಿ ಇರಬೇಕೆಂದು ನಾನೂ ನನ್ನ ಹೆಂಡತಿಯೂ ತೀರ್ಮಾನಿಸಿದೆವು.

ಹೊಸದರ ಬೆಲೆ ಕೇಳಿದ ಮೇಲೆ ಆ ತೀರ್ಮಾನವನ್ನು ಸ್ವಲ್ಪ ತಿದ್ದಿ, ‘ನಮ್ಮದೇ ಹಳೆಯ ಗಾಡಿ’ ಎಂದು ಮಾಡಿಕೊಂಡೆವು. ಕರಾವಳಿಯ ಗಂಗೊಳ್ಳಿಯ ಕಡೆ 2016ರ ಗಾಡಿಯೊಂದಿದೆ, ಸಿಂಗಲ್ ಓನರ್, ಒಂದು ರೂಪಾಯಿಯ ಕೆಲಸವೂ ಇಲ್ಲ ಎಂದು ಬ್ರೋಕರ್ ಹೇಳಿದ. ಹಳೆಯ ಗಾಡಿಗಳ ಲೋಕದಲ್ಲಿ ಎಲ್ಲ ಗಾಡಿಗಳೂ ಸಿಂಗಲ್ ಓನರ್‌ನವೇ ಆಗಿರುತ್ತವೆ ಎಂಬುದು ನನಗೆ ಆಗ ತಿಳಿದಿರಲಿಲ್ಲ. ನನ್ನ ಪುಣ್ಯಕ್ಕೆ, ನಮ್ಮ ಪೇಟೆಯ ಗ್ಯಾರೇಜಿನ ಮೇಸ್ತ್ರಿಯನ್ನು ಜೊತೆಗೆ ಕರೆದುಕೊಂಡು ಹುಲಿಕಲ್ ಘಾಟಿ ಇಳಿದೆ.

ಮೇಸ್ತ್ರಿ ಹೆಚ್ಚು ಮಾತಿನವರಲ್ಲ. ಗಾಡಿಯ ಹತ್ತಿರ ಹೋದವರೇ ಜ್ವರ ನೋಡುವವರ ಹಾಗೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಬೆಚ್ಚಗಿತ್ತು. ನಾವು ಬರುವ ಮೊದಲೇ ಎಂಜಿನ್ ಓಡಿಸಿ ಇಟ್ಟಿದ್ದರು. ‘ಮೊದಲು ಒಂದು ಚಹಾ ಕುಡಿಯೋಣ’ ಎಂದು ಅವರು ನನ್ನನ್ನು ಹೊರಗೆ ಕರೆದೊಯ್ದು, ಒಂದೂವರೆ ಗಂಟೆ ಕೂರಿಸಿ, ತಣ್ಣಗಾದ ಮೇಲೆ ಬಂದು ಸ್ಟಾರ್ಟ್ ಮಾಡಿಸಿದರು. ಮುಪ್ಪಾದ ಡೀಸೆಲ್ ಎಂಜಿನ್ ತನ್ನ ನಿಜವಾದ ಸ್ಥಿತಿಯನ್ನು ಹೇಳುವುದು ಬೆಳಗಿನ ಮೊದಲ ಕೆಮ್ಮಿನಲ್ಲಂತೆ: ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದು, ಕಪ್ಪು ಹೊಗೆ ಬಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ ಎಂದು. ನಮ್ಮದಕ್ಕೆ ಕ್ಷಣಕಾಲ ತೆಳು ಹೊಗೆ ಬಂದು ನಿಂತಿತು. ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಅಲ್ಲಿಂದ ಹಬೆ ನುಗ್ಗುವುದಿಲ್ಲವೆಂದು ನೋಡಿ, ಅವರು ತಲೆಯಾಡಿಸಿದರು.

ಮೀಟರ್ 86,000 ಕಿಲೋಮೀಟರ್ ತೋರಿಸುತ್ತಿತ್ತು. ಆದರೆ ಕ್ಲಚ್ ಪೆಡಲಿನ ರಬ್ಬರು ಸವೆದು ಒಳಗಿನ ಕಬ್ಬಿಣ ಕನ್ನಡಿಯಂತೆ ಹೊಳೆಯುತ್ತಿತ್ತು. ಮೀಟರನ್ನು ನಂಬಬೇಡಿ ಎಂಬಂತೆ ಮೇಸ್ತ್ರಿ ನನ್ನ ಕೈಯನ್ನೇ ಹಿಡಿದು ಅದನ್ನು ಮುಟ್ಟಿಸಿದರು. ಆಮೇಲೆ ಟೈರಿನ ಪಕ್ಕೆಯಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ಓದಲು ಕಲಿಸಿದರು. ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಹೇಳುತ್ತವೆ. ಸ್ಟೆಪ್ನಿಯ ಮೇಲೆ 4113 ಎಂದಿತ್ತು, ಅಂದರೆ ಅದು ಗಾಡಿ ಹುಟ್ಟುವುದಕ್ಕೆ ಮೂರು ವರ್ಷ ಮೊದಲೇ ಹುಟ್ಟಿದ ಟೈರು. ಹಿಂದೆ ಭಾರ ಹೊರುವ ಉಕ್ಕಿನ ಪಟ್ಟಿಗಳ ಬ್ಲೇಡ್ ಸೆಟ್ಟಿಗೆ ಕಂಪನಿಯದಲ್ಲದ ಒಂದು ಬ್ಲೇಡು ಹೆಚ್ಚಿಗೆ ಸೇರಿತ್ತು. ಮಿತಿಗಿಂತ ಹೆಚ್ಚು ಭಾರ ಹೊತ್ತ ಗಾಡಿಯ ಲಕ್ಷಣ ಅದು.

ಇಷ್ಟೆಲ್ಲ ನೋಡಿದ ನಾನು, ನೋಡಲೇಬೇಕಾದದ್ದನ್ನು ಬಿಟ್ಟೆ. ಕಾರು ಕೊಳ್ಳುವವನು ಅದರಲ್ಲಿ ಕೂತವರು ಯಾರೆಂದು ಕೇಳದಿದ್ದರೂ ನಡೆಯುತ್ತದೆ. ಸರಕಿನ ಗಾಡಿ ಕೊಳ್ಳುವವನು ಅದರಲ್ಲಿ ಕೂತದ್ದು ಏನೆಂದು ಕೇಳದೆ ದುಡ್ಡು ಕೊಡಬಾರದು. ನಾನು ಕೇಳಿದೆನೇನೋ ಹೌದು. ‘ಬರೀ ಐಸ್ ಸಾಗಿಸಿದ ಗಾಡಿ ಮಾರಾಯ್ರೆ’ ಎಂದು ಮಾಲೀಕರು ಹೇಳಿದರು. ಐಸ್ ಎಂದರೆ ನೀರು, ನೀರು ಎಂದರೆ ಶುದ್ಧ ಎಂದು ನಾನು ಸಮಾಧಾನಪಟ್ಟೆ. ಮೀನುಗಾರಿಕೆಯ ಬಂದರಿನಲ್ಲಿ ಐಸ್ ಒಂಟಿಯಾಗಿ ಪ್ರಯಾಣ ಮಾಡುವುದಿಲ್ಲವೆಂಬುದು ಹೊಳೆಯಲಿಲ್ಲ. ಮೇಸ್ತ್ರಿ ಮಾತ್ರ ಹಿಂದಿನ ಬಾಡಿಯ ಮೂಲೆಯಲ್ಲಿ ಹೊಸ ಬಣ್ಣವನ್ನು ಉಗುರಿನಿಂದ ಕೆರೆದು, ಕೆಳಗಿನ ತುಕ್ಕು ತೋರಿಸಿ, ‘ಉಪ್ಪುನೀರು’ ಎಂಬ ಒಂದೇ ಮಾತು ಹೇಳಿದರು. ಆ ಒಂದು ಮಾತಿಗೆ ಐವತ್ತು ಸಾವಿರ ಇಳಿದು, 4 ಲಕ್ಷ 10 ಸಾವಿರಕ್ಕೆ ವ್ಯಾಪಾರ ಕುದುರಿತು.

ಕಾಗದಪತ್ರದ ವಿಷಯದಲ್ಲಿ ಮಾಲೀಕರು ನನಗಿಂತ ಚುರುಕಾಗಿದ್ದರು. ಹೆಸರು ಬದಲಾವಣೆಯ ಫಾರಂ 29, ಫಾರಂ 30ಕ್ಕೆ ಅಲ್ಲೇ ಸಹಿ ಹಾಕಿಕೊಟ್ಟು, ‘ಟ್ರಾನ್ಸ್‌ಫರ್ ಆಯಿತಾ?’ ಎಂದು ದಿನವೂ ಫೋನು ಮಾಡುತ್ತಿದ್ದರು. ಅದು ಅಕ್ಕರೆಯಲ್ಲ, ಮಾರಿದ ಮೇಲೂ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಇನ್ಶೂರೆನ್ಸನ್ನು ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವನು 14 ದಿನದೊಳಗೆ ಅರ್ಜಿ ಕೊಡಬೇಕು. ಒಟ್ಟು ತೂಕ 3,000 ಕಿಲೋ ದಾಟದ್ದರಿಂದ ಪರ್ಮಿಟ್ಟಿನ ತಲೆನೋವಿಲ್ಲ; ಎಂಟು ವರ್ಷ ತುಂಬಿದ ಮೇಲೆ ವರ್ಷವರ್ಷವೂ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯವೆಂಬ ಪತ್ರ, ಮಾಡಿಸುವ ತಲೆನೋವು ಮಾತ್ರ ಇದೆ. ಹೆಸರು ನನ್ನದಾದರೂ ಹಳದಿ ಬೋರ್ಡಿನ ಮೇಲೆ ಉಡುಪಿಯ ಕೆಎ 20 ಹಾಗೆಯೇ ಉಳಿಯಿತು.

ಘಾಟಿ ಹತ್ತುವಾಗ ಗಾಡಿ ಏದುಸಿರು ಬಿಡಲಿಲ್ಲ. ಮನೆಗೆ ಬಂದ ಮೊದಲ ರಾತ್ರಿ ಮಳೆ ಹನಿಯಿತು. ಬೆಳಿಗ್ಗೆ ಎದ್ದು ನೋಡಿದರೆ ಕೇರಿಯ ಬೆಕ್ಕುಗಳೆಲ್ಲ ಬಾಡಿಯೊಳಗೆ ಸಭೆ ಸೇರಿದ್ದವು. ಸೋಪಿನ ಪುಡಿ, ಹುಣಸೆಹಣ್ಣು, ಸಗಣಿನೀರು, ಊರಿನವರು ಹೇಳಿದ್ದನ್ನೆಲ್ಲ ಹಾಕಿ ತೊಳೆದೆ. ತಳದ ತಗಡನ್ನೇ ಬಿಚ್ಚಿಸಿ ಹೊಸದು ಬೆಸೆಸಿದೆ. ಹದಿನೆಂಟು ಸಾವಿರ ಹೋಯಿತು. ಬಿಸಿಲಿನಲ್ಲಿ ಗಾಡಿ ನಿರ್ಮಲವಾಗಿರುತ್ತದೆ. ಗಾಳಿಯಲ್ಲಿ ತೇವ ಏರಿದೊಡನೆ ಯಾವುದೋ ಬೆಸುಗೆಯ ಸಂದಿಯಿಂದ ಗಂಗೊಳ್ಳಿಯ ಬಂದರು ಮೆಲ್ಲನೆ ಎದ್ದುಬರುತ್ತದೆ. ನೆರೆಮನೆಯ ಉಪನಯನಕ್ಕೆ ದೇವಸ್ಥಾನದ ದೊಡ್ಡ ಪಾತ್ರೆಗಳನ್ನು ಸಾಗಿಸಿದ ದಿನ ಮೋಡ ಕವಿದಿತ್ತು. ಅಡಿಗೆ ಭಟ್ಟರು ಕೊಪ್ಪರಿಗೆಯನ್ನು ಇಳಿಸಿ, ಒಮ್ಮೆ ಮೂಸಿ, ನನ್ನ ಮುಖ ನೋಡಿ, ಏನೂ ಹೇಳದೆ ಎರಡನೆಯ ಸಲ ತೊಳೆಯಲು ಕೊಟ್ಟರು. ಆದರೂ ಗಾಡಿ ಕೇಳುವವರು ಕಡಿಮೆಯಾಗಲಿಲ್ಲ. ಗೊಬ್ಬರಕ್ಕೆ, ಒಣಎಲೆಯ ದರಕಿಗೆ, ಕರು ಹಾಕಲು ತಡವರಿಸಿದ ಹಸುವಿನ ಡಾಕ್ಟರನ್ನು ಕರೆತರಲು, ಎಲ್ಲದಕ್ಕೂ ಅದೇ. ಈಗ ‘ಹೊರಟೇಬಿಟ್ಟೆ’ ಎಂದು ಫೋನಿನಲ್ಲಿ ಹೇಳಿ ಚಹಾ ಮುಗಿಸುತ್ತಾ ಕೂರುವವನು ನಾನೇ.

ಬೆಕ್ಕುಗಳಲ್ಲಿ ಬೂದುಬಣ್ಣದ ಒಂದು ಮಾತ್ರ ಖಾಯಂ ಆಗಿ ಉಳಿದಿದೆ. ಆಕಾಶ ಎಷ್ಟೇ ತಿಳಿಯಾಗಿರಲಿ, ಗಾಳಿಗೆ ತೇವ ಬಂದದ್ದು ಅದರ ಮೂಗಿಗೆ ಮೊದಲು ಗೊತ್ತಾಗುತ್ತದೆ. ಎದ್ದು ಹೋಗಿ ಬಾಡಿಯ ಬಲಮೂಲೆಯಲ್ಲಿ ಕೂರುತ್ತದೆ. ಅಂಗಳದಲ್ಲಿ ಅಡಿಕೆ ಹರವಿದ ದಿನಗಳಲ್ಲಿ ನನ್ನ ಹೆಂಡತಿ ಮೋಡ ನೋಡುವುದನ್ನು ಬಿಟ್ಟು ಬೆಕ್ಕು ನೋಡಲು ಆರಂಭಿಸಿದ್ದಾಳೆ. ಮೊನ್ನೆ ಮಧ್ಯಾಹ್ನ ಅದು ಹತ್ತಿತೆಂದು ನಾವಿಬ್ಬರೂ ಊಟ ಬಿಟ್ಟು ಎದ್ದು ಅಡಿಕೆಯನ್ನೆಲ್ಲ ಗೋರಿ ಒಳಗೆ ಸುರಿದೆವು. ಸಂಜೆಯವರೆಗೂ ಮಳೆ ಬರಲಿಲ್ಲ. ಬೆಕ್ಕು ಇಳಿಯಲೂ ಇಲ್ಲ.